ಗ್ವೆಂಡಾ ಪೆಂಗೆಲ್ಲಿಯವರ ಆಯಿಲ್ ವಿಚಾರ

ಗ್ವೆಂಡಾ ಪೆಂಗೆಲ್ಲಿಯವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತೆಂದರೆ ಅದು ಅಲ್ಲೇ ಉಳಿಯುವುದಿಲ್ಲ. ಬೇಲಿ ದಾಟಿ ನನ್ನ ಮನೆಗೆ ಬರುತ್ತದೆ. ನಮ್ಮಿಬ್ಬರ ನಡುವಿನ ತಗಡಿನ ಬೇಲಿ ಅವರಿಗಿಂತ ಎತ್ತರ. ಅದಕ್ಕೆಂದೇ ಆಚೆ ಬದಿಯಲ್ಲಿ ಒಂದು ಬಕೆಟ್ ಬೋರಲು ಹಾಕಿಟ್ಟುಕೊಂಡಿದ್ದಾರೆ. ಬಕೆಟ್ಟಿನ ಮೇಲೆ ಹತ್ತಿದ ಸದ್ದು ಕೇಳಿದ ಕೂಡಲೇ ನಾನು ಕೈಯಲ್ಲಿದ್ದ ಕೆಲಸ ಕೆಳಗಿಡುತ್ತೇನೆ. "ನೆವಿಲ್, ಏಡಿ ನಿದ್ದೆ ಮಾಡುತ್ತಾ?" "ನೆವಿಲ್, ಗೋಧಿ ಕಣಜದೊಳಗೆ ಇಲಿ ಬಿದ್ರೆ ತೇಲುತ್ತೋ ಮುಳುಗುತ್ತೋ?" ನಾನು ಈ ಊರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಭೂಗೋಳ ಕಲಿಸುವವನು ಭೂಮಿಯ ಮೇಲಿರುವುದಕ್ಕೆಲ್ಲ ಜವಾಬ್ದಾರ ಎಂಬುದು ಅವರ ನಂಬಿಕೆ. ಇಷ್ಟು ವರ್ಷದಲ್ಲಿ ಅವರ ಒಂದು ಪ್ರಶ್ನೆಗಾದರೂ ನಾನು ನೆಟ್ಟಗೆ ಉತ್ತರ ಹೇಳಿದ್ದು ನೆನಪಿಲ್ಲ. ಆದರೂ ಬಂದು ಕೇಳುತ್ತಾರೆ. ಅದು ಅವರ ದೊಡ್ಡ ಗುಣ.

ಎಪ್ಪತ್ತು ದಾಟಿದ ಗ್ವೆಂಡಾ ಒಂದು ಕಾಲದಲ್ಲಿ ನಮ್ಮೂರ ಬೇಕರಿಯಲ್ಲಿ ಪೇಸ್ಟಿ, ಅಂದರೆ ಮಾಂಸ ಆಲೂಗಡ್ಡೆ ತುಂಬಿದ ಕಡುಬು, ಮಡಿಸುತ್ತಿದ್ದವರು. ಗಂಡ ರಾಸ್ ಬಂದರಿನ ಕಣಜದಲ್ಲಿ ದುಡಿದು ನಿವೃತ್ತರಾದವರು. ರಾಸ್ ಅವರ ಮೂಗಿಗೂ ಕತ್ತರಿಸಿದ ಹುಲ್ಲಿಗೂ ಹುಟ್ಟಾ ವೈರ. ಮದುವೆಯಾದ ಹೊಸದರಲ್ಲಿ ಒಂದು ಸಲ ಹುಲ್ಲು ಕತ್ತರಿಸಲು ಹೋಗಿ, ಸೀನಿ ಸೀನಿ ಕಣ್ಣು ಕಾಣದೆ ಗುಲಾಬಿ ಸಾಲನ್ನು ನೆಲಸಮ ಮಾಡಿದರಂತೆ. ಅಂದಿನಿಂದ ಹುಲ್ಲು ಗ್ವೆಂಡಾ ಅವರ ಖಾತೆ. ಬೀದಿಯಲ್ಲಿ ಬೇರೆ ಮನೆಗಳ ಗಂಡಸರು ಹುಲ್ಲು ಕತ್ತರಿಸುವ ಯಂತ್ರ ತಳ್ಳುವಾಗ ಇಲ್ಲಿ ರಾಸ್ ವರಾಂಡದಲ್ಲಿ ಚಹಾ ಹಿಡಿದು ಕೂತಿರುತ್ತಾರೆ. ಮೊದಮೊದಲು ಜನ ಆಡಿಕೊಂಡರು. ಆಮೇಲೆ ಗ್ವೆಂಡಾ ಕತ್ತರಿಸಿದ ಅಂಚು ನೋಡಿ ಸುಮ್ಮನಾದರು.

ಇಲ್ಲಿ ಹುಲ್ಲು ಕತ್ತರಿಸುವುದು ಬರೀ ಹುಲ್ಲು ಕತ್ತರಿಸುವುದಲ್ಲ. ಮನೆಯ ಮುಂದೆ, ಕಾಲುದಾರಿಗೂ ರಸ್ತೆಗೂ ನಡುವೆ, ಒಂದು ಹುಲ್ಲಿನ ಪಟ್ಟಿ ಇರುತ್ತದೆ. ನಿಮ್ಮದನ್ನು ಕತ್ತರಿಸುವಾಗ ಪಕ್ಕದವರ ಪಟ್ಟಿಯೊಳಕ್ಕೂ ಒಂದು ಹೆಜ್ಜೆ ಹೋಗಿಬರಬೇಕು. ಗೆರೆ ಎಳೆದ ಹಾಗೆ ನಿಮ್ಮದರಲ್ಲೇ ನಿಲ್ಲಿಸಿದರೆ ಜಿಪುಣರು; ಪೂರ್ತಿ ಕತ್ತರಿಸಿಬಿಟ್ಟರೆ ಪಕ್ಕದವನು ಸೋಮಾರಿ ಎಂದು ಸಾರಿದ ಹಾಗೆ. ಗ್ವೆಂಡಾ ನನ್ನ ಪಟ್ಟಿಯನ್ನು ಪೂರ್ತಿ ಕತ್ತರಿಸುತ್ತಾರೆ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೇನೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ.

ಅವರ ಹಳೆಯ ಯಂತ್ರ ಟೂ ಸ್ಟ್ರೋಕ್. ಪೆಟ್ರೋಲಿಗೇ ಆಯಿಲ್ ಬೆರೆಸಿ ಕುಡಿಸಬೇಕು; ನೀಲಿ ಹೊಗೆ ಕಾರುತ್ತಾ ಓಡುತ್ತದೆ. ಆ ಮಿಶ್ರಣ ಗ್ವೆಂಡಾ ಅವರ ಕೈಗುಣ. ಅಳತೆ ಲೋಟ ಮುಟ್ಟದೆ, ಶರಬತ್ತಿನ ಹಳೆಯ ಬಾಟಲಿಯಿಂದ ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದರು. ಬೀದಿಯವರೆಲ್ಲ ಪೆಟ್ರೋಲ್ ಡಬ್ಬ ಹಿಡಿದು ಅವರ ಮನೆ ಬಾಗಿಲಿಗೆ ಬರುತ್ತಿದ್ದ ಕಾಲ ಒಂದಿತ್ತು.

ಹೋದ ಚಳಿಗಾಲದಲ್ಲಿ ಎಂಜಿನ್ ಹೊತ್ತಿಸಲು ಆ ಯಂತ್ರದ ಹಗ್ಗ ಎಳೆಯುವಾಗ ಅದು ಹಿಂದಕ್ಕೆ ಸೆಳೆದು, ಗ್ವೆಂಡಾ ಲ್ಯಾವೆಂಡರ್ ಪೊದೆಯ ಮೇಲೆ ಅಂಗಾತ ಬಿದ್ದರು. ಸೊಂಟ ನೀಲಿಗಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ಓಡಿಹೋದಾಗ ಅವರು ಬಿದ್ದಲ್ಲೇ ನಗುತ್ತಿದ್ದರು. ರಾಸ್ ನಗುತ್ತಿರಲಿಲ್ಲ. ಅದಾಗಿ ತಿಂಗಳೊಳಗೆ ಯಂತ್ರವೂ ಕೈಕೊಟ್ಟಿತು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ರಾಸ್ ಇದಕ್ಕೇ ಕಾದಿದ್ದವರಂತೆ ಹೇಳಿದರು:

"ಸಾಕು ಕಣೇ. ಬ್ರೆಂಟನ್‌ಗೆ ಹೇಳೋಣ. ಅರ್ಧ ಊರಿನ ಹುಲ್ಲು ಅವನೇ ಕತ್ತರಿಸ್ತಾನೆ."

"ಅವನು ಕತ್ತರಿಸಲ್ಲ, ಬೋಳಿಸ್ತಾನೆ," ಅಂದರು ಗ್ವೆಂಡಾ. "ನನ್ನ ಹುಲ್ಲು, ನಾನು ಮಾಡ್ತೀನಿ. ಹೊಸ ಮಿಷನ್ ತಗೊಂಡ್ರೆ ಆಯ್ತು."

"ಅದೂ ನಿಂತೋಗುತ್ತೆ. ನೀನು ಮತ್ತೆ ಅದರ ಜೊತೆ ಎಳೆದಾಡ್ತೀಯ."

"ನಿಂತ್ರೆ ತಾನೇ?"

ಹಾಗೆ ಒಪ್ಪಂದವಾಯಿತು. ನಮ್ಮಲ್ಲಿ ನಡುಬೇಸಿಗೆಗೆ ಬರುವ ಕ್ರಿಸ್‌ಮಸ್ಸಿನೊಳಗೆ ಹೊಸ ಯಂತ್ರ ಒಂದೇ ಒಂದು ಸಲ ಅವರ ಕೈಯಲ್ಲಿ ಕೆಟ್ಟು ನಿಂತರೂ ಹುಲ್ಲು ಬ್ರೆಂಟನ್ ಪಾಲು. ಗಂಡ ಹೆಂಡತಿ ಕೈ ಕುಲುಕಿದರು. ಸಾಕ್ಷಿಗೆ ಬೇಲಿಯ ಈಚೆ ನಾನಿದ್ದೆ.

ಹೊಸದು ಫೋರ್ ಸ್ಟ್ರೋಕ್. ಪೆಟ್ಟಿಗೆಯೊಳಗೆ ಪುಟ್ಟದೊಂದು ಆಯಿಲ್ ಬಾಟಲಿಯೂ ಇತ್ತು. "ಪಾಪ, ಒಳ್ಳೆಯವರು, ಆಯಿಲ್ಲೂ ಕೊಟ್ಟಿದ್ದಾರೆ," ಎಂದು ಗ್ವೆಂಡಾ ಅದನ್ನು ಎತ್ತಿ, ಜೀವಮಾನದ ಅಭ್ಯಾಸದಂತೆ, ಅಷ್ಟನ್ನೂ ಪೆಟ್ರೋಲ್ ಡಬ್ಬಕ್ಕೆ ಸುರಿದು, ಚೆನ್ನಾಗಿ ಅಲ್ಲಾಡಿಸಿ, ಯಂತ್ರದ ಟ್ಯಾಂಕಿಗೆ ತುಂಬಿದರು. ನಾನು ಪಕ್ಕದಲ್ಲೇ ನಿಂತು ತಜ್ಞನಂತೆ ತಲೆಯಾಡಿಸಿದೆ. ಹಗ್ಗಕ್ಕೆ ಕೈ ಹಾಕಿದವರು ತಟ್ಟನೆ ನಿಂತರು.

"ನೆವಿಲ್, ಈ ಹಳದಿ ಮುಚ್ಚಳ ಯಾಕಿದೆ?"

ಎಂಜಿನ್ನಿನ ಬುಡದಲ್ಲಿ ಒಂದು ಹಳದಿ ಮುಚ್ಚಳವಿತ್ತು. ಹಳೆಯದರಲ್ಲಿ ಅಂಥದ್ದೇನೂ ಇರಲಿಲ್ಲ. ತಿರುಗಿಸಿದರೆ ಉದ್ದನೆಯ ಕಡ್ಡಿಯೊಂದು ಹೊರಬಂತು. ಕಡ್ಡಿ ಒಣಗಿತ್ತು.

"ಗಾಳಿಯಾಡೋಕೆ ಇರಬೇಕು," ಅಂದೆ ನಾನು.

"ಗಾಳಿಯಾಡೋದಕ್ಕೆ ಕಡ್ಡಿ ಯಾಕೆ? ಇದರ ಮೇಲೆ ಎರಡು ಗೀಟು ಬೇರೆ ಹಾಕಿದ್ದಾರೆ. ಯಾರೋ ಏನನ್ನೋ ಅಳೀಲಿ ಅಂತ ಅಲ್ವಾ?"

ಹಗ್ಗ ಬಿಟ್ಟು ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಿಕೆ ಬಿಡಿಸಿದರು. ಆ ಬಾಟಲಿಯ ಆಯಿಲ್ ಹೋಗಬೇಕಾಗಿದ್ದದ್ದು ಈ ಹಳದಿ ಮುಚ್ಚಳದ ಕೆಳಗೆ, ಪೆಟ್ರೋಲಿಗೆ ಬೆರೆಸಲೇಬಾರದು. ಎಣ್ಣೆಯಿಲ್ಲದೆ ಎಳೆದಿದ್ದರೆ ಎಂಜಿನ್ ಕೆಲವೇ ನಿಮಿಷದಲ್ಲಿ ಕಚ್ಚಿಕೊಳ್ಳುತ್ತಿತ್ತು, ಬ್ರೆಂಟನ್ ಮಧ್ಯಾಹ್ನವೇ ಬರುತ್ತಿದ್ದ. ಟೂ ಸ್ಟ್ರೋಕ್ ಮಂದಿ ಎಂಜಿನ್ನಿನ ಹೊಟ್ಟೆಗೆ ಬೇರೆಯಾಗಿ ಎಣ್ಣೆ ಹಾಕಬೇಕೆಂದು ಕನಸಿನಲ್ಲೂ ನೆನೆಸುವುದಿಲ್ಲ. ಆದರೆ ಗ್ವೆಂಡಾ ಬೆವರು ಒರೆಸಿಕೊಳ್ಳುವ ಬದಲು ಇನ್ನೊಂದು ಪ್ರಶ್ನೆ ತೆಗೆದರು.

"ಹಂಗಾದ್ರೆ ಇದರಲ್ಲಿ ಆಯಿಲ್ ಸುಟ್ಟುಹೋಗಲ್ಲ. ಒಳಗೇ ಇದ್ದು, ಅದೇ ಮತ್ತೆ ಮತ್ತೆ ಸುತ್ತುತ್ತೆ. ಅಯ್ಯೋ ಪಾಪ, ಅದಕ್ಕೆ ಬೇಜಾರಾಗಲ್ವಾ?"



ಬೆರಕೆ ಪೆಟ್ರೋಲನ್ನು ಊರಾಚೆಯ ತ್ಯಾಜ್ಯದ ಡ್ರಮ್ಮಿಗೆ ಸಾಗಹಾಕಿ, ಹೊಸ ಆಯಿಲ್ ಕೊಳ್ಳಲು ಕ್ಲೈವ್ ಟೊಂಕಿನ್‌ನ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಗೋಡೆಯ ಉದ್ದಕ್ಕೂ ಆಯಿಲ್ ಡಬ್ಬಗಳು. ಒಂದರ ಮೇಲೆ ಬರೀ 30 ಎಂದಿತ್ತು. ಇನ್ನೊಂದರ ಮೇಲೆ 10W-30.

"ಕ್ಲೈವ್, ಈ ನಂಬರ್ ಏನು?"

"ಆಯಿಲ್ ಎಷ್ಟು ಗಟ್ಟಿ ಅಂತ. ಜಾಸ್ತಿ ಅಂದ್ರೆ ಗಟ್ಟಿ."

"ಹತ್ತೂ ಮೂವತ್ತೂ ಒಟ್ಟಿಗೇ ಹೆಂಗಿರುತ್ತೆ? ತೆಳ್ಳಗೂ ಇರುತ್ತೆ, ಗಟ್ಟೀನೂ ಇರುತ್ತಾ?"

"ಚಳೀಲಿ ಹತ್ತರ ಥರ, ಬಿಸೀಲಿ ಮೂವತ್ತರ ಥರ. ಆ W ಅಂದ್ರೆ ವಿಂಟರ್, ಚಳಿಗಾಲ."

"ಚಳಿ ಆಯ್ತೋ ಇಲ್ವೋ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

ಕ್ಲೈವ್ ನನ್ನ ಮುಖ ನೋಡಿದ. ನಾನು ಮೊಳೆಗಳ ಡಬ್ಬಿ ನೋಡುತ್ತಾ ನಿಂತೆ. ನಮ್ಮ ಹಿಂದೆ ಸಾಲಿನಲ್ಲಿದ್ದ ರೈತನೊಬ್ಬ, "ನನ್ನ ಟ್ರಾಕ್ಟರಿನದ್ದೇ ಒಂದು ಮಗ್ಗು ಕೊಡ್ತೀನಿ, ಸುರಿದುಬಿಡಿ ತಾಯಿ. ಎಂಜಿನ್ ಅಂದ್ರೆ ಎಂಜಿನ್ನು," ಅಂದ. "ನಿನ್ನ ಟ್ರಾಕ್ಟರಿಗೆ ನೀರು ತಂಪು ಮಾಡುತ್ತೆ, ಇದಕ್ಕೆ ಬರೀ ಗಾಳಿ. ಎರಡೂ ಒಂದೇ ಹೇಗಾಗುತ್ತಪ್ಪ?" ಎಂದು ಗ್ವೆಂಡಾ ತಿರುಗಿ ಕೇಳಿದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಕೊನೆಗೆ ಎರಡೂ ಬಗೆಯ ಒಂದೊಂದು ಸಣ್ಣ ಡಬ್ಬ ಕೊಂಡು, ಸಾಲಿನಲ್ಲಿದ್ದವರ ಕ್ಷಮೆ ಕೇಳಿ ಹೊರಬಂದೆವು.

ಮರುದಿನ ಬಕೆಟ್ಟಿನ ಸದ್ದಾಯಿತು. ಹೋಗಿ ನೋಡಿದರೆ ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಪೇಸ್ಟಿ ಬೇಯಿಸುವ ತಟ್ಟೆಯನ್ನು ಓರೆಯಾಗಿ ಒರಗಿಸಿದ್ದರು. ಎರಡು ಚಮಚ, ಎರಡು ಬಗೆಯ ಆಯಿಲ್. ಫ್ರಿಜ್ಜಿನಲ್ಲಿ, ರಾಸ್ ಅವರ ಬೀಟ್‌ರೂಟ್ ಉಪ್ಪಿನಕಾಯಿಯ ಪಕ್ಕದಲ್ಲಿ, ರಾತ್ರಿಯಿಡೀ ತಣ್ಣಗಾಗಿದ್ದವು.

"ನೀನು ಎಡಗಡೆಯದಕ್ಕೆ ಕೂಗು. ನಾನು ಬಲಗಡೆಯದಕ್ಕೆ," ಎಂದು ಎರಡೂ ಚಮಚವನ್ನು ತಟ್ಟೆಯ ಮೇಲ್ತುದಿಯಲ್ಲಿ ಒಟ್ಟಿಗೆ ಬಗ್ಗಿಸಿದರು.

ಕುದುರೆ ಜೂಜಿನಲ್ಲೂ ನಾನು ಅಷ್ಟು ಆಸೆಯಿಂದ ಕಣ್ಣು ನೆಟ್ಟವನಲ್ಲ. ನನ್ನ ಹತ್ತು-ಮೂವತ್ತು ಸರಸರನೆ ಇಳಿಯಿತು. ಅವರ ಮೂವತ್ತು ಜೇನಿನ ಹಾಗೆ, ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿತು. ಆಮೇಲೆ ಎರಡನ್ನೂ ತಟ್ಟೆ ಸಮೇತ ಬಿಸಿಲಿನಲ್ಲಿಟ್ಟು ಕಾಯಿಸಿ ಮತ್ತೆ ಓಡಿಸಿದರು. ಈ ಸಲ ಎರಡೂ ಹೆಗಲಿಗೆ ಹೆಗಲು ಕೊಟ್ಟು ಬಂದವು. ರಾಸ್ ಬಾಗಿಲಿನಿಂದ ಇಣುಕಿ, "ಇದು ರಾತ್ರಿ ಊಟಕ್ಕಾ?" ಎಂದು ಕೇಳಿ ಒಳಗೆ ಹೋದರು.

ಗ್ವೆಂಡಾ ತಟ್ಟೆ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಎರಡು ಎಣ್ಣೆಯ ಜಾಡನ್ನೂ ಬೆರಳಿನಿಂದ ಅಳೆದರು. "ಅಂದ್ರೆ ಇವೆರಡಕ್ಕೂ ವ್ಯತ್ಯಾಸ ಇರೋದು ಚಳೀಲಿ ಮಾತ್ರ. ಇಬ್ಬನಿ ಹೆಪ್ಪುಗಟ್ಟಿರೋವಾಗ ನಾನು ಹುಲ್ಲು ಕತ್ತರಿಸ್ತೀನಾ? ಇಲ್ಲ. ಬೇಸಿಗೇಲಿ, ಕಾದ ನೆಲದ ಮೇಲೆ ಕತ್ತರಿಸೋಳು. ನನಗ್ಯಾಕೆ ಚಳಿಗಾಲದ ಉಸಾಬರಿ? ಬರೀ ಮೂವತ್ತೇ ಸಾಕು." ಪುಸ್ತಿಕೆ ತೆಗೆದು ನೋಡಿದರೆ ಅದೂ ಬಿಸಿ ಸೀಮೆಗೆ ಮೂವತ್ತನ್ನೇ ಹೇಳುತ್ತಿತ್ತು. "ಮೊದಲೇ ಇದನ್ನ ಓದಬಹುದಿತ್ತಲ್ಲ," ಅಂದೆ. "ಓದಿದ್ರೆ ತಟ್ಟೆ ಮೇಲೆ ಓಡೋದು ಕಾಣ್ತಿತ್ತಾ?" ಅಂದರು.

ಮೂವತ್ತು ತುಂಬಿಸಿದ ಯಂತ್ರ ಚೆನ್ನಾಗಿಯೇ ಓಡಿತು. ಹೊಗೆಯಿಲ್ಲ, ವಾಸನೆಯಿಲ್ಲ. ಪ್ರತಿ ಸಲ ಹಗ್ಗ ಎಳೆಯುವ ಮುಂಚೆ ಹಳದಿ ಮುಚ್ಚಳ ತಿರುಗಿಸಿ, ಕಡ್ಡಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ಜ್ವರ ನೋಡುವ ನರ್ಸಿನಂತೆ. ಅವರು ಹಗ್ಗ ಎಳೆಯುವ ಹೊತ್ತಿಗೆ ರಾಸ್ ಚಹಾದ ಬಟ್ಟಲು ಕೆಳಗಿಟ್ಟು ವರಾಂಡದ ಅಂಚಿಗೆ ಬಂದು ನಿಲ್ಲುವುದನ್ನು ನಾನು ಗಮನಿಸಿದ್ದೆ. ಎಂಜಿನ್ ಹೊತ್ತಿಕೊಂಡ ಮೇಲೆ ಹೋಗಿ ಕೂರುತ್ತಿದ್ದರು.

ನವೆಂಬರಿನಲ್ಲಿ ಮೊದಲ ಸಲ ಆಯಿಲ್ ಬದಲಿಸುವ ಹೊತ್ತು ಬಂತು. ಹೊಸ ಎಂಜಿನ್ನಿಗೆ ಅದನ್ನು ಬೇಗನೆ ಮಾಡಬೇಕು. ಯಾಕೆ ಎಂಬುದು ಆವತ್ತಿನ ಪ್ರಶ್ನೆ. ಉತ್ತರ ಎಂಜಿನ್ನೇ ಕೊಟ್ಟಿತು. ಸ್ವಲ್ಪ ಹೊತ್ತು ಓಡಿಸಿ, ಎಣ್ಣೆ ಬೆಚ್ಚಗಾಗಿ ಸಲೀಸಾಗಿ ಹರಿಯುವಂತಾದ ಮೇಲೆ ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತು, ಮುಚ್ಚಳ ತೆಗೆದು, ನಾವಿಬ್ಬರೂ ಯಂತ್ರವನ್ನು ಪಕ್ಕಕ್ಕೆ ವಾಲಿಸಿದೆವು. ಬಿಳಿ ಐಸ್‌ಕ್ರೀಮ್ ಡಬ್ಬಿಗೆ ಎಣ್ಣೆ ಇಳಿಯಿತು. ಗ್ವೆಂಡಾ ಡಬ್ಬಿಯನ್ನು ಬಿಸಿಲಿಗೆ ಹಿಡಿದರು.

"ಇಲ್ಲಿ ನೋಡು. ಮಿಣಮಿಣ ಅಂತಿದೆ."

ಕಂದು ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಉದುರಿಸಿದ ಹಾಗಿತ್ತು. ಹೊಸ ಕಬ್ಬಿಣಗಳು ಒಂದನ್ನೊಂದು ಉಜ್ಜಿ, ಹೊಂದಿಕೊಳ್ಳುವಾಗ ಉದುರಿದ ಚೂರು. "ಹೊಸದಾಗಿ ಮದುವೆ ಆದವರ ಮನೆ ಥರ," ಅಂದರು ಗ್ವೆಂಡಾ. ನಾವು ಆ ಮಿನುಗನ್ನು ನೋಡುತ್ತಾ ಎಷ್ಟು ಮೈಮರೆತೆವೆಂದರೆ, ಯಂತ್ರ ಯಾವ ಮಗ್ಗುಲಿಗೆ ಮಲಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಟೂ ಸ್ಟ್ರೋಕ್ ಯಂತ್ರವನ್ನು ಎತ್ತ ಉರುಳಿಸಿದರೂ ನಡೆಯುತ್ತಿತ್ತು. ಹೊಟ್ಟೆಯಲ್ಲಿ ಎಣ್ಣೆಯೇ ಇಲ್ಲವಲ್ಲ. ಗ್ವೆಂಡಾ ಹಳೆಯದನ್ನು ಆಮೆಯ ಹಾಗೆ ಬೇಕಾದತ್ತ ಹೊರಳಿಸಿ ತಳ ಕೆರೆಯುತ್ತಿದ್ದರು. ಇದನ್ನು, ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಮೇಲಿರುವಂತೆ ವಾಲಿಸಬೇಕು. ನಾವು ಕೆಳಗೆ ಮಾಡಿದ್ದೆವು. ಎಣ್ಣೆಯಲ್ಲಿ ಒಂದು ಪಾಲು ಡಬ್ಬಿಗೆ ಬಂದಿತ್ತು, ಇನ್ನೊಂದು ಪಾಲು ಒಳದಾರಿ ಹಿಡಿದು ಫಿಲ್ಟರಿಗೆ ಹೋಗಿತ್ತು.

ನೆಟ್ಟಗೆ ನಿಲ್ಲಿಸಿ, ಹೊಸ ಎಣ್ಣೆ ತುಂಬಿ, ಗೀಟು ನೋಡಿ, ಹಗ್ಗ ಎಳೆದರು. ಒಂದು ಕೆಮ್ಮು. ಆಮೇಲೆ ಹೊಗೆ. ಬೆಳ್ಳಗೆ, ದಪ್ಪಗೆ, ಬೇಲಿ ನುಂಗಿ, ಗುಲಾಬಿ ನುಂಗಿ, ನನ್ನನ್ನೂ ನುಂಗಿ ರಸ್ತೆಗೆ ಹೋಯಿತು. ಅದೇ ಹೊತ್ತಿಗೆ ಟ್ರೇಲರಿನಲ್ಲಿ ಯಂತ್ರಗಳನ್ನು ಹೇರಿಕೊಂಡು ಬ್ರೆಂಟನ್‌ನ ಪಿಕಪ್ ಅಲ್ಲಿಂದ ಹಾಯುತ್ತಿತ್ತು. ಅವನು ಗಾಡಿ ನಿಧಾನ ಮಾಡಿ ಕಿಟಕಿ ಇಳಿಸಿದ.

"ಬಿಳಿ ಹೊಗೆ ಬಂತು, ಹೊಸ ಪೋಪ್ ಆಯ್ಕೆ ಆದ್ರಾ ಗ್ವೆಂಡಾ?"

ಎಂಜಿನ್ ಇನ್ನೊಮ್ಮೆ ಕೆಮ್ಮಿ ನಿಂತಿತು. ಎಷ್ಟು ಎಳೆದರೂ ಏಳಲಿಲ್ಲ. ಹೊಗೆಯೊಳಗಿನಿಂದ ವರಾಂಡ ಕಾಣುತ್ತಿರಲಿಲ್ಲ. ರಾಸ್ ಅವರ ದನಿ ಮಾತ್ರ ಬಂತು.

"ನಿಂತೋಯ್ತಾ?"

ನಾನು ಬಾಯಿ ತೆರೆದೆ. ನಿಂತಿಲ್ಲ, ನಾವೇ ನಿಲ್ಲಿಸಿದೆವು, ಆಯಿಲ್ ಬದಲಾವಣೆಗೆ ಹೀಗೆಲ್ಲ ಆಗುತ್ತದೆ ಎಂದು ಹೇಳಬಹುದಿತ್ತು. ಗ್ವೆಂಡಾ ನನ್ನ ತೋಳು ಹಿಡಿದರು.

"ನಿಂತೋಯ್ತು," ಅಂದರು.

ಆ ಮಧ್ಯಾಹ್ನ ಅವರು ಫಿಲ್ಟರ್ ಬಿಚ್ಚಿದರು. ಒಳಗಿನ ಸ್ಪಂಜು ಎಣ್ಣೆ ಕುಡಿದು ಜಾಮೂನಿನಂತಾಗಿತ್ತು. ಪಾತ್ರೆ ಸೋಪಿನಲ್ಲಿ ತೊಳೆದು, ಹಿಂಡಿ, ಬಟ್ಟೆ ತಂತಿಯ ಮೇಲೆ ರಾಸ್ ಅವರ ಕಾಲುಚೀಲಗಳ ನಡುವೆ ಒಣಹಾಕಿದರು. ಪ್ಲಗ್ ಬಿಚ್ಚಿ ಒರೆಸಿದರು. ಬೆಳಿಗ್ಗೆ ಮತ್ತೆ ಜೋಡಿಸಿ ಎಳೆದರೆ, ಸ್ವಲ್ಪ ಹೊಗೆ ಕಾರಿ, ಎಂಜಿನ್ ಏನೂ ಆಗಿಲ್ಲವೆಂಬಂತೆ ಗುನುಗಿತು. ಅವರು ಅದನ್ನು ಆರಿಸಿ, ಮೂಲೆಗೆ ತಳ್ಳಿ, ವರಾಂಡಕ್ಕೆ ಹೋದರು.

"ಬ್ರೆಂಟನ್‌ಗೆ ಫೋನ್ ಮಾಡು."

"ಈಗ ಓಡ್ತಾ ಇದೆಯಲ್ಲ," ಅಂದರು ರಾಸ್.

"ನಿನ್ನೆ ನಿಂತಿತ್ತು. ಕೈ ಕುಲುಕಿದ್ದೀವಿ."

ಮಂಗಳವಾರ ಬ್ರೆಂಟನ್ ಬಂದ. ಒಳ್ಳೆಯ ಹುಡುಗ, ನಲವತ್ತರ ಹತ್ತಿರ ಬಂದಿದ್ದರೂ ನಾನು ಪಾಠ ಹೇಳಿದ್ದರಿಂದ ನನಗೆ ಹುಡುಗ. ಟ್ರೇಲರಿನಿಂದ ದೊಡ್ಡ ಯಂತ್ರ ಇಳಿಸುತ್ತಿದ್ದಂತೆ ಗ್ವೆಂಡಾ ಹತ್ತಿರ ಹೋಗಿ ಕೈಕಟ್ಟಿ ನಿಂತರು. ಮುಖದಲ್ಲಿ ದುಃಖವಿತ್ತು. ಆದರೆ ಅದರಲ್ಲೂ ಹಳದಿ ಮುಚ್ಚಳ ಕಂಡ ಕೂಡಲೇ ಅದು ಕರಗಿಹೋಯಿತು.

"ಇದಕ್ಕೆ ಯಾವ ಆಯಿಲ್ ಹಾಕ್ತೀಯಪ್ಪ?"

"ಗಾಡೀಲಿ ಯಾವುದಿರುತ್ತೋ ಅದು."

"ಬದಲಾಯಿಸೋದು ಯಾವಾಗ?"

"ಕಪ್ಪಗಾದಾಗ."

"ಎಷ್ಟು ಕಪ್ಪು? ಚಹಾದಷ್ಟೋ, ಕಾಫಿಯಷ್ಟೋ?"

ಬ್ರೆಂಟನ್ ನಕ್ಕು, "ನೀವೇ ನೋಡಿ," ಎಂದು ಕಡ್ಡಿ ಎಳೆದು ಕೊಟ್ಟ. ರಸ್ತೆಗೆ ಹಾಕುವ ಡಾಂಬರಿನಂತಿತ್ತು. ಗ್ವೆಂಡಾ ಅದನ್ನು ಬೆರಳುಗಳ ನಡುವೆ ಉಜ್ಜಿದರು, ಮೂಸಿದರು. ಮಿನುಗು ಇಲ್ಲವಲ್ಲ ಯಾಕೆ ಎಂದರು. ಹಳೆಯ ಎಂಜಿನ್ನು ಉಜ್ಜಿಕೊಳ್ಳುವುದನ್ನು ನಿಲ್ಲಿಸಿತೋ, ಅಥವಾ ಕಪ್ಪಿನಲ್ಲಿ ಕಾಣುವುದಿಲ್ಲವೋ? ಬ್ರೆಂಟನ್‌ಗೂ ಈಗ ಅದು ಬೇಕಾಯಿತು. ಐಸ್‌ಕ್ರೀಮ್ ಡಬ್ಬಿ ಬಂತು. "ಈ ಮಗ್ಗುಲಿಗೆ, ಈ ಮಗ್ಗುಲಿಗೆ," ಎಂದು ಗ್ವೆಂಡಾ ಹೇಳುತ್ತಿದ್ದಂತೆ ಅವನು ಯಂತ್ರ ವಾಲಿಸಿದ. ಇಬ್ಬರೂ ಮಂಡಿಯೂರಿ ಡಬ್ಬಿಯೊಳಗೆ ಬಗ್ಗಿದರು. ಪೇಸ್ಟಿ ತಟ್ಟೆ ಹೊರಬಂತು. ಹಳೆಯ ಎಣ್ಣೆಗೂ ಹೊಸದಕ್ಕೂ ಓಟ ನಡೆಯಿತು. ಅವನು ಮುಂದೆ ಹೋಗಬೇಕಿದ್ದ ಮನೆಯವರ ಫೋನು ಬಂದಾಗಲೇ ಹೊತ್ತು ಹೋದದ್ದು ತಿಳಿದದ್ದು. ಹುಲ್ಲು ಇದ್ದಷ್ಟೇ ಎತ್ತರಕ್ಕಿತ್ತು.

ಬ್ರೆಂಟನ್ ಕೈ ಒರೆಸಿಕೊಳ್ಳುತ್ತಾ ವರಾಂಡದ ಹತ್ತಿರ ಬಂದ. "ರಾಸ್, ಒಂದು ಮಾತು. ಈ ಅಂಗಳಕ್ಕೆ ನಾನು ಬೇಕಾಗಿಲ್ಲ. ನನ್ನ ಮಿಷನ್ನಿಗೆ ನಿಮ್ಮ ಹೆಂಡತಿ ಬೇಕು. ಅದೂ ಅಲ್ಲದೆ, ಇಲ್ಲಿಗೆ ಬಂದ್ರೆ ದಿನಕ್ಕೆ ಒಂದೇ ಮನೆ ಆಗೋದು."

ಅವನ ಗಾಡಿ ಹೋದ ಮೇಲೆ ರಾಸ್ ಚಹಾದ ಬಟ್ಟಲು ಕೆಳಗಿಟ್ಟರು. ನಾನು ಹೊರಡಲು ನೋಡಿದೆ. ಕೂತುಕೋ ಎಂದು ಕೈಸನ್ನೆ ಮಾಡಿದರು.

"ಮಿಷನ್ ನಿಲ್ಲೋದು ನನಗೇನೂ ಅಲ್ಲ ಗ್ವೆಂಡಾ," ಅಂದರು. "ಆ ಹಗ್ಗ. ಅವತ್ತು ನೀನು ಬಿದ್ದ ಸದ್ದು ಕೇಳಿಸ್ತು. ಆಮೇಲೆ ಏನೂ ಕೇಳಿಸ್ಲಿಲ್ಲ. ನೀನು ನಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ."

ಗ್ವೆಂಡಾ ಗಂಡನ ಮುಖವನ್ನು ದಿಟ್ಟಿಸಿದರು, ಹೊಸ ಮುಚ್ಚಳವನ್ನು ನೋಡಿದ ಹಾಗೆ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಲಿಲ್ಲ."

ಗ್ವೆಂಡಾ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ ಎಂದು ನನಗೆ ಗೊತ್ತಾದದ್ದು ಅದೇ ಮೊದಲು.

ಹೊಸ ಯಂತ್ರದ ಹಿಡಿಯಲ್ಲಿ ಒಂದು ಸರಳಿದೆ. ಅದನ್ನು ಅದುಮಿ ಹಿಡಿದಿದ್ದರೆ ಮಾತ್ರ ಎಂಜಿನ್ ಹೊತ್ತಿಕೊಳ್ಳುತ್ತದೆ. ಒಬ್ಬರು ಸರಳು ಹಿಡಿದು ಇನ್ನೊಬ್ಬರು ಹಗ್ಗ ಎಳೆದರೂ ಆಗುತ್ತದೆ. ಆ ಶನಿವಾರ ರಾಸ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬ್ಯಾಂಕ್ ಲೂಟಿಗೆ ಹೊರಟವರಂತೆ ಮೆಟ್ಟಿಲಿಳಿದು ಬಂದರು. ಗ್ವೆಂಡಾ ಸರಳು ಅದುಮಿ ನಿಂತರು. ರಾಸ್ ಹಗ್ಗ ಹಿಡಿದು, ಕಾಲು ಊರಿ, ಎಳೆಯದೆ ಸುಮ್ಮನೆ ನಿಂತರು.

"ಏನಾಯ್ತು?" ಅಂದರು ಗ್ವೆಂಡಾ.

"ಆಯಿಲ್ ನೋಡಿದ್ಯಾ?"

"ಈಗಷ್ಟೇ ನೋಡ್ದೆ."

"ಇನ್ನೊಂದ್ಸಲ ನೋಡು. ನಾನೂ ನೋಡ್ಬೇಕು."

ಗ್ವೆಂಡಾ ಸರಳು ಬಿಟ್ಟು, ಹಳದಿ ಮುಚ್ಚಳ ತಿರುಗಿಸಿ, ಕಡ್ಡಿಯನ್ನು ತೋಳಿಗೆ ಒರೆಸಿ, ಮತ್ತೆ ಅದ್ದಿ, ಗಂಡನ ಕೈಗೆ ಕೊಟ್ಟರು. ರಾಸ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಎರಡು ಗೀಟುಗಳ ನಡುವೆ ನಿಂತ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.

"ಎಷ್ಟು ತಿಳಿಯಾಗಿದೆ," ಅಂದರು. "ಇದು ಯಾವಾಗ ಕಪ್ಪಾಗುತ್ತೆ?"